ಇನ್ನೂರು ಕೆಜಿ ಆಗುವವರೆಗೆ

ಶುಕ್ರವಾರ ನೂರ ತೊಂಬತ್ತೆಂಟು ಕೆಜಿ ಇದ್ದ ರಾಶಿ ಸೋಮವಾರಕ್ಕೆ ನೂರ ತೊಂಬತ್ತೊಂದಾಗಿತ್ತು.

ನಾನು ಇಂದ್ರೇಶನ ಕಡೆ ನೋಡಿದೆ. ಅವನು ಹಣೆಯ ಮೇಲಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡು, ಬಿಚ್ಚಿಟ್ಟ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ತಲೆ ಹಾಕಿಬಿಟ್ಟ.

"ಏಳು ಕೆಜಿ ಎಲ್ಲಿ ಹೋಯ್ತು?"

"ಒಣಗಿರ್ಬೇಕು ಮೇಡಂ."

"ಕೊಬ್ಬರಿ ಅಲ್ಲ ಇಂದ್ರೇಶ್, ಕಂಪ್ಯೂಟರ್."

"ತಕ್ಕಡಿ ಕೊಬ್ಬರಿ ಮಂಡೀದು ಮೇಡಂ. ಅದಕ್ಕೆ ಅಭ್ಯಾಸ."

ನಾನು ಅರಸೀಕೆರೆಯ ಒಂದು ಕಾಲೇಜಿನಲ್ಲಿ ಪರಿಸರ ವಿಜ್ಞಾನ ಕಲಿಸುತ್ತೇನೆ. ಕಾಲೇಜಿಗೆ ಹಸಿರು ಪ್ರಮಾಣಪತ್ರ ಬೇಕಿತ್ತು. ಹಳೆಯ ಕಂಪ್ಯೂಟರು, ಪ್ರಿಂಟರುಗಳನ್ನು ಮರುಬಳಕೆ ಕಂಪನಿಗೆ ಒಪ್ಪಿಸಿದ ರಸೀದಿಯನ್ನು ತಿಂಗಳ ಕೊನೆಯೊಳಗೆ ಅರ್ಜಿಗೆ ಲಗತ್ತಿಸಬೇಕು. ಇನ್ನೂರು ಕೆಜಿ ಆಗದೆ ಆ ಕಂಪನಿಯ ಲಾರಿ ಬೆಂಗಳೂರು ಬಿಡುವುದಿಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಇಂದ್ರೇಶನ ರಿಪೇರಿ ಅಂಗಡಿಯಲ್ಲಿ ಒಂದು ಕೋಣೆ ಖಾಲಿಯಿತ್ತು. ಕೇಳಿದ ಕೂಡಲೇ ಕೊಟ್ಟಿದ್ದ. ಎರಡು ತಿಂಗಳಿಂದ ದಿನಾ ಸಂಜೆ ಕಾಲೇಜು ಮುಗಿಸಿ ಅಲ್ಲಿಗೆ ಹೋಗುತ್ತಿದ್ದೆ, ಬಂದದ್ದನ್ನು ತೂಗಿ ಬರೆದುಕೊಳ್ಳುತ್ತಿದ್ದೆ.

ನನ್ನ ಗಂಡ ಶರತ್ ತೀರಿಕೊಂಡು ಮೂರು ವರ್ಷ. ಕೆಲಸವೆಂದರೆ ಮಾಡುತ್ತಿದ್ದೆ. ಉಳಿದದ್ದು ಮರಗಟ್ಟಿತ್ತು, ಹಲ್ಲು ಕೀಳುವ ಮುಂಚೆ ಕೊಟ್ಟ ಇಂಜೆಕ್ಷನ್ ಇಳಿಯುವುದನ್ನೇ ಮರೆತ ಹಾಗೆ.

"ನಿಜ ಹೇಳಿ," ಎಂದೆ.

ಅವನು ಎದ್ದು ಕಪಾಟಿನಿಂದ ಮೂರು ಲ್ಯಾಪ್‌ಟಾಪ್ ತೆಗೆದು ಸಾಲಾಗಿಟ್ಟು ಗುಂಡಿ ಒತ್ತಿದ. ಒಂದಾದ ಮೇಲೊಂದು ಬೆಳಗಿದವು.

"ಜೀವ ಇರೋವನ್ನ ಹೆಂಗೆ ಪುಡಿ ಮಾಡಕ್ಕೆ ಕಳ್ಸೋದು ಮೇಡಂ? ಹುಲಿಕೆರೆ ಸ್ಕೂಲಿಗೆ ಕೊಡಾನ ಅಂತ."

"ರಿಪೇರಿ ಮಾಡಿದ್ದಕ್ಕೆ ರಸೀದಿ ಸಿಗಲ್ಲ. ಪುಡಿ ಮಾಡಿದ್ದಕ್ಕೆ ಮಾತ್ರ."

"ಇದ್ಯಾವ ಸೀಮೆ ಹಸಿರು ಮೇಡಂ?"

ಆ ವಿಷಯವನ್ನೇ ಪಾಠ ಮಾಡುವ ನಾನು ತೂಕ ಬರೆಯುವ ಪುಸ್ತಕದ ಪುಟ ತಿರುಗಿಸಿದೆ. ಅವನು ಬಿಚ್ಚಿಟ್ಟಿದ್ದ ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದ. "ಇಲ್ನೋಡಿ. ಮೇಲೆ ಎಲೆ ಚಿತ್ರ, ಪರಿಸರಸ್ನೇಹಿ ಅಂತ ಸರ್ಟಿಫಿಕೇಟು. ಒಳಗೆ ಬ್ಯಾಟರಿಗೆ ಗೋಂದಾಕಿ ಅಂಟ್ಸವ್ರೆ. ನಾಲ್ಕು ಸ್ಕ್ರೂ ಹಾಕಿದ್ರೆ ಇವ್ರ ಗಂಟೇನು ಹೋಗ್ತಿತ್ತು?"

ಸಿಟ್ಟಿನಲ್ಲಿ ತಲೆಯೆತ್ತಿದ. ಗಾಜಿನ ಹಿಂದೆ ಅವನ ಒಂದು ಕಣ್ಣು ಎಳನೀರಿನಷ್ಟು ದೊಡ್ಡದಾಗಿ ನನ್ನನ್ನೇ ನೋಡುತ್ತಿತ್ತು. ರೆಪ್ಪೆಗಳನ್ನು ಎಣಿಸಬಹುದಿತ್ತು. ಎಣಿಸಲು ಶುರು ಮಾಡಿ, ನಾಚಿಕೆಯಾಗಿ ನಿಲ್ಲಿಸಿದೆ.

"ನಾಳೆ ರಜೆ," ಎಂದೆ. "ಬೇಲೂರಲ್ಲಿ ಸ್ವಾಮಿ ಅನ್ನೋರ ಫೋಟೋ ಸ್ಟುಡಿಯೋದಲ್ಲಿ ಹಳೇ ಸಾಮಾನು ತುಂಬಾ ಇದೆಯಂತೆ. ಹೋಗಿ ತರೋಣ."

ಅವನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು.

"ಬೇಲೂರಾ? ಬಲು ದೂರ ಆಯ್ತದೆ ಮೇಡಂ."

"ಲಗೇಜ್ ಆಟೋ ಹೇಳಿ."

ಮರುದಿನ ಯಾರದೋ ಆಟೋವನ್ನು ತಾನೇ ಓಡಿಸಿಕೊಂಡು ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಗುಜರಿ ತರಲು ಇಸ್ತ್ರಿ ಯಾಕೆಂದು ಕೇಳಿದೆ. "ಬೇಲೂರಲ್ವಾ, ಶಿಲ್ಪಗಳೆಲ್ಲ ಅಷ್ಟು ಅಲಂಕಾರ ಮಾಡ್ಕೊಂಡ್ ನಿಂತಿರ್ತವೆ, ಮರ್ಯಾದೆ ಪ್ರಶ್ನೆ," ಎಂದ.

ಸ್ಟುಡಿಯೋದ ಸ್ವಾಮಿ ನಮ್ಮನ್ನು ಕಂಡದ್ದೇ ಸೊಂಟದ ಮೇಲೆ ಕೈಯಿಟ್ಟರು.

"ಏನ್ಲಾ ಇಂದ್ರೇಶ, ಇವತ್ತು ಪುರುಸೊತ್ತಾಯ್ತಾ? ಮೂರು ಸಲ ಫೋನ್ ಮಾಡ್ದೆ ಮೇಡಂ ಇವ್ನಿಗೆ, ಬಂದು ಎತ್ಕೊಂಡ್ಹೋಗೋ ಅಂತ. ಅವಸರ ಇಲ್ಲ ಸ್ವಾಮಣ್ಣ, ಇನ್ನೂರು ಆಗ್ಬಿಟ್ರೆ ಲಾರಿ ಬಂದ್ಬಿಡ್ತದೆ ಅಂತಾನೆ!"

ಇಂದ್ರೇಶ್ ಒಂದು ಪ್ರಿಂಟರನ್ನು ಮುಖಕ್ಕೆ ಅಡ್ಡ ಹಿಡಿದು ಆಟೋ ಕಡೆಗೆ ನಡೆದ.

ಸಾಮಾನು ಏರಿಸಿಕೊಂಡು ಹಳೇಬೀಡಿನವರೆಗೆ ಬಂದೆವು. ಎಡಕ್ಕೆ ಕೆರೆ ಬೆಳ್ಳಗೆ ಹೊಳೆಯುತ್ತಿತ್ತು.

"ಲಾರಿ ಬಂದ್ರೆ ನಿಮಗೇನು ಕಷ್ಟ?"

ಅವನು ರಸ್ತೆ ನೋಡುತ್ತಲೇ ಹೇಳಿದ. "ಲಾರಿ ಬಂದ್ರೆ ನೀವು ಬರಲ್ಲ."

"ಮತ್ತೆ ರಿಪೇರಿ?"

"ರಿಪೇರಿ ಸುಳ್ಳಲ್ಲ ಮೇಡಂ, ದೇವ್ರಾಣೆ. ಆದ್ರೆ ತೂಕ ನೂರ ತೊಂಬತ್ತು ದಾಟಿದ್ ಮೇಲೇ ಅವು ಹುಷಾರಾಗ್ತಿದ್ವು."

ನಗು ಬಂತು. ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಕೆರೆಯ ಕಡೆ ತಿರುಗಿದೆ. ನಗು ಮುಗಿಯುವ ಹೊತ್ತಿಗೆ ಎದೆಯಲ್ಲೆಲ್ಲೋ ನೋಯತೊಡಗಿತು. ಮರಗಟ್ಟಿದ್ದು ಇಳಿಯುವಾಗ ಹಾಗೇ.

"ನನ್ನ ವಿಷಯ ನಿಮಗೆ ಗೊತ್ತಲ್ವಾ ಇಂದ್ರೇಶ್?"

"ಗೊತ್ತು. ಅದಕ್ಕೇ ಬಾಯಲ್ಲಿ ಹೇಳೋ ಧೈರ್ಯ ಆಗ್ಲಿಲ್ಲ."

"ಕಾಲೇಜಿಗೆ ರಸೀದಿ ಬೇಕು."

ಸ್ವಲ್ಪ ದೂರ ಹೋದ ಮೇಲೆ, "ಶನಿವಾರ ಲಾರಿ ಬತ್ತದೆ ಮೇಡಂ. ನಾನೇ ಫೋನ್ ಮಾಡ್ತೀನಿ," ಎಂದ.

ಹಾಗೇ ಮಾಡಿದ. ಬಾಣಾವರ, ಹಾರನಹಳ್ಳಿ ಎಲ್ಲ ಸುತ್ತಿ ಇನ್ನಷ್ಟು ತಂದು ಹಾಕಿದ್ದ. ಶನಿವಾರ ಇನ್ನೂರ ಮೂವತ್ತಾರು ಕೆಜಿ ಏರಿಸಿಕೊಂಡು ಲಾರಿ ಹೊರಟಿತು. ಹುಲಿಕೆರೆ ಸ್ಕೂಲಿಗೆಂದಿಟ್ಟ ಮೂರೂ ಲ್ಯಾಪ್‌ಟಾಪ್ ಉಳಿದವು. ಅವನು ಖಾಲಿ ಕೋಣೆ ಗುಡಿಸಿ ರಸೀದಿಯನ್ನು ಎರಡೂ ಕೈಯಲ್ಲಿ ಕೊಟ್ಟ.

"ಇಷ್ಟೇ ಅಲ್ವಾ ಮೇಡಂ?"

"ಇಷ್ಟೇ," ಎಂದೆ.

ಸೋಮವಾರ ಕಾಲೇಜಿನಿಂದ ನೇರ ಮನೆಗೆ ಬಂದೆ. ಮಂಗಳವಾರವೂ. ಒಂದೇ ಕಪಾಟನ್ನು ಎರಡೂ ದಿನ ಒರೆಸಿದೆ. ಬುಧವಾರ ಅತ್ತೆ, ಶರತ್ ಅವರ ತಾಯಿ ರುದ್ರಮ್ಮ, ಅಡುಗೆಮನೆಯಿಂದ ಕೂಗಿದರು.

"ಹೇಮ, ಮಿಕ್ಸಿ ಕೆಟ್ಟೈತೆ ಕಣೇ. ಆ ಹುಡುಗನ ಅಂಗಡಿಗೆ ತಗೊಂಡ್ಹೋಗು."

"ಬೆಳಿಗ್ಗೆ ಚಟ್ನಿ ಮಾಡಿದ್ರಲ್ಲ ಅತ್ತೆ?"

"ಈಗ ಕೆಡಿಸ್ತೀನಿ ತಾಳು."

ಓಡಿಹೋಗಿ ನೋಡಿದರೆ ಜಾರಿನೊಳಗೆ ಹಿಡಿ ಅಡಿಕೆ! ಕೈಯಿಂದ ಕಿತ್ತುಕೊಂಡೆ. ಅತ್ತೆ ನನ್ನ ಮುಖ ನೋಡಲಿಲ್ಲ. ಸ್ಟೌವನ್ನು ಒರೆಸುತ್ತಾ ಹೇಳಿದರು.

"ಎರಡು ತಿಂಗಳು ನೀನು ಮೆಟ್ಟಿಲು ಹತ್ತೋವಾಗ ಏನೋ ಗುನುಗ್ಕೊಂಡು ಬರ್ತಿದ್ದೆ. ನಿಂಗೆ ಗೊತ್ತಾಗ್ತಿರ್ಲಿಲ್ಲ, ನಂಗೆ ಕೇಳ್ತಿತ್ತು. ನನ್ನ ಮಗ ಹೋದ್ ಮೇಲೆ ಈ ಮನೇಲಿ ಕಿವಿಗೆ ಹಿತವಾಗಿದ್ದಿದ್ದು ಅದೊಂದೇ. ಅದೂ ನಿಲ್ಲೋದು ಬ್ಯಾಡ ಕಣೇ."

ಅಡಿಕೆಯನ್ನು ತಟ್ಟೆಗೆ ಸುರಿದು, ಮಿಕ್ಸಿಯನ್ನು ಅದರ ಜಾಗದಲ್ಲೇ ಇಟ್ಟು, ಚಪ್ಪಲಿ ಮೆಟ್ಟಿದೆ.

"ಅಯ್ಯೋ, ಮಿಕ್ಸಿ ಬಿಟ್ಟು ಹೊಂಟಲ್ಲೇ!"

"ಬೇಡ ಅತ್ತೆ."

ಅಂಗಡಿಯಲ್ಲಿ ಇಂದ್ರೇಶ್ ಒಬ್ಬನೇ ಇದ್ದ. ನನ್ನನ್ನು ಕಂಡು ಗಾಬರಿಯಿಂದ ಎದ್ದ.

"ರಸೀದೀಲಿ ಏನಾದ್ರೂ ತಪ್ಪಾಯ್ತಾ ಮೇಡಂ?"

"ಸರಿಯಾಗಿದೆ."

"ಮತ್ತೆ ಏನಾದ್ರೂ ಕೆಟ್ಟೋಯ್ತಾ?"

"ಏನೂ ಕೆಟ್ಟಿಲ್ಲ."

ಅವನು ನನ್ನ ಎರಡೂ ಖಾಲಿ ಕೈಗಳನ್ನು ನೋಡಿದ. ಹೆಗಲ ಮೇಲೆ ಬ್ಯಾಗೂ ಇರಲಿಲ್ಲ. ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದದ್ದೇ ಅವನ ಕಿವಿಗಳು ಕೆಂಪಾದವು. ಒಂದೇ ಒಂದಿದ್ದ ಸ್ಟೂಲನ್ನು ಇಸ್ತ್ರಿಯಿಲ್ಲದ ಅಂಗಿಯ ತೋಳಿನಿಂದ ಒರೆಸಿದ.

"ಕೂತ್ಕೊಳ್ಳಿ ಮೇಡಂ."

"ಹೇಮಲತಾ."

"ಕೂತ್ಕೊಳ್ಳಿ ಹೇಮಲತಾ... ಮೇಡಂ."

ಕೂತೆ. "ಟೀ ಹೇಳಿ," ಎಂದೆ. "ನನಗೆ ಇವತ್ತು ಅವಸರವಿಲ್ಲ."