ಕಾಟೆಲ್ ಹೇಳಿದ, ಎರ್ವೆ ಬರೆಯದ ಕಥೆ

“ನಿಮ್ಮ ಮನೆಗೆ ಸತ್ತವರು ಬರ್ತಾರಂತೆ. ನಿಜಾನಾ?”

ಬಲೆ ಹೆಣೆಯುತ್ತಿದ್ದ ಕಾಟೆಲ್ ತಲೆಯೆತ್ತಿದಳು. ಹೊಸ್ತಿಲ ಒಳಗೆ ಕಪ್ಪು ಕೋಟಿನ ಅಪರಿಚಿತ. ಕಂಕುಳಲ್ಲಿ ದಪ್ಪ ನೋಟುಪುಸ್ತಕ.

“ಸತ್ತವರಿಗಾದ್ರೂ ಮರ್ಯಾದೆ ಇದೆ. ಬದುಕಿರೋರೇ ಹೀಗೆ ಬಾಗಿಲು ತಟ್ಟದೆ ನುಗ್ಗೋದು.”

ಅವನ ಮುಖ ಕೆಂಪಾಯಿತು. ಎರಡು ಹೆಜ್ಜೆ ಹಿಂದೆ ಹೋಗಿ, ತೆರೆದೇ ಇದ್ದ ಬಾಗಿಲನ್ನು ತಟ್ಟಿದ. ಮೂರು ವರ್ಷಗಳಲ್ಲಿ ಮೊದಲ ಸಲ ಕಾಟೆಲ್‌ಗೆ ನಗು ಬಂತು... ನಕ್ಕದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಅವನ ಹೆಸರು ಎರ್ವೆ. ಕೆಂಪೇರ್ ಪಟ್ಟಣದಲ್ಲಿ ಮೇಷ್ಟ್ರು. ಫ್ರಾನ್ಸಿನ ಬ್ರೆಟನ್ ಕರಾವಳಿಯ ಹೆಂಗಸರು ತಮ್ಮ ಭಾಷೆಯಲ್ಲಿ ಹೇಳುವ ಪ್ರೇತಗಳ ಕಥೆಗಳನ್ನು ಅವರವರ ಹೆಸರಿನ ಸಮೇತ ಫ್ರೆಂಚಿನಲ್ಲಿ ಅಚ್ಚು ಹಾಕಿಸಬೇಕೆಂಬುದು ಅವನ ಹಟ. ಆ ಬೇಸಿಗೆ ರಜೆಯಲ್ಲಿ ಹನ್ನೊಂದು ಮಧ್ಯಾಹ್ನ ಅವಳ ಮನೆಗೆ ಬಂದ. ಕಪ್ಪುಗೋಧಿಯ ದೋಸೆ ತಿಂದು, ಮಜ್ಜಿಗೆ ಕುಡಿದು, ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡ.

ಕೊನೆಯ ದಿನ ಕಾಟೆಲ್ ಯಾರಿಗೂ ಹೇಳದ್ದನ್ನು ಹೇಳಿದಳು.

“ಮೂರು ವರ್ಷದ ಹಿಂದೆ ನನ್ನ ಗಂಡ ಗೊನೆರಿ ಮೀನು ಹಿಡಿಯೋಕೆ ಹೋದ ಹಡಗು ಐಸ್‌ಲ್ಯಾಂಡ್ ಕಡಲಿಂದ ವಾಪಸ್ ಬರಲಿಲ್ಲ. ಹೆಣಾನೂ ಸಿಗಲಿಲ್ಲ. ಒಂದಿನ ಹಾಡುಹಗಲು... ಒಲೆ ಹತ್ರ ಅವರು ಕೂರ್ತಿದ್ದ ಬೆಂಚು ಒದ್ದೆಯಾಗಿತ್ತು. ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಕೊಂಡೆ. ಉಪ್ಪು.”

“ಕಣ್ಣಿಗೆ ಕಂಡ್ರಾ?”

“ಇಲ್ಲ. ಬೆಂಕಿ ಜೋರು ಮಾಡಿ ಪಕ್ಕದಲ್ಲಿ ಕೂತೆ. ಬೆಂಚು ಒಣಗೋವರೆಗೂ.”

ಎರ್ವೆಯ ಪೆನ್ಸಿಲ್ ನಿಂತುಹೋಗಿತ್ತು. ನೋಟುಪುಸ್ತಕ ಮುಚ್ಚಿ ಎದ್ದು ಹೋದ. ಆಮೇಲೆ ಪತ್ರವೂ ಇಲ್ಲ.

ಮರುವರ್ಷ ಪುಸ್ತಕ ಬಂತು. ಕ್ರೈಸ್ತ ಸನ್ಯಾಸಿನಿಯರ ಬಳಿ ಓದು ಕಲಿತಿದ್ದ ನೆರೆಮನೆಯ ಬಾರ್ಬಾ ಹಾಳೆ ತಿರುವಿದಳು.

“ನನ್ನ ಹೆಸರಿದೆ ನೋಡೇ. ಹಲ್ಲಿಲ್ಲದ ಜಾನಿಕ್ ಅಜ್ಜೀದೂ ಇದೆ.”

“ನಂದು?”

ಬಾರ್ಬಾ ಎರಡು ಸಲ ಹುಡುಕಿದಳು. “ಇಲ್ಲ ಕಣೇ.”

ಕಾಟೆಲ್‌ಗೆ ದಿಕ್ಕೇ ತೋಚಲಿಲ್ಲ. ಗೊನೆರಿಗೆ ಗೋರಿಯಿಲ್ಲ, ಒಂದು ಹಾಳೆಯಾದರೂ ಅವನದಾಗಲಿ ಎಂದಲ್ಲವೇ ಅವಳು ಬಾಯಿ ಬಿಟ್ಟದ್ದು? ಕೇಳೋಣವೆಂದರೆ ಪತ್ರ ಬರೆಯಲು ಅಕ್ಷರ ಬಾರದು.

‘ಹುಚ್ಚಿ ಅಂದ್ಕೊಂಡಿರಬೇಕು...’

ಅಷ್ಟಾದರೂ ಮಧ್ಯಾಹ್ನವಾದರೆ ಕಣ್ಣು ರಸ್ತೆಯ ಕಡೆಗೇ ಹೋಗುತ್ತಿತ್ತು. ಅದನ್ನು ತಡೆಯುವುದೂ ಅವಳ ಕೈಲಾಗಲಿಲ್ಲ.

ಜೂನ್ ತಿಂಗಳಲ್ಲಿ, ಅವಳು ದಡದಲ್ಲಿ ಕಡಲಪಾಚಿ ಒಣಹಾಕುತ್ತಿದ್ದಾಗ, ಎರ್ವೆ ಎದುರಿಗೆ ಬಂದು ನಿಂತ. ಸೊರಗಿದ್ದ.

“ಸುಳ್ಳು ಅನ್ನಿಸ್ತಾ ಮೇಷ್ಟ್ರೇ, ನನ್ನ ಕಥೆ?”

“ಇಲ್ಲ.”

“ಮತ್ತೆ? ಜಾನಿಕ್ ಅಜ್ಜಿ ಹೇಳಿದ ಕುದುರೆ ಪ್ರೇತಕ್ಕೆ ಜಾಗ ಇತ್ತು. ನನ್ನ ಗಂಡನಿಗೆ ಇರಲಿಲ್ವಾ?”

“ಏಳು ಸಲ ಬರೆದೆ. ಏಳೂ ಸಲ ಹರಿದೆ. ಬರೆಯೋಕೆ ಕೂತ್ರೆ ನೀವು ಅವರ ಪಕ್ಕ ಕೂತಿರೋದೇ ಕಣ್ಮುಂದೆ ಬರೋದು. ಹೊಟ್ಟೆಕಿಚ್ಚು... ಕಣ್ಣಿಗೆ ಕಾಣದವರ ಮೇಲೆ, ಸತ್ತವರ ಮೇಲೆ. ಇದನ್ನ ಯಾರ ಹತ್ರ ಹೇಳ್ಕೊಳ್ಳಲಿ ನಾನು?”

ಅವಳ ಎದೆ ಹೊಡೆದುಕೊಂಡಿತು. ಆದರೂ ಸಿಟ್ಟು ಇಳಿಯಲಿಲ್ಲ.

“ಅದಕ್ಕೆ ಅವರನ್ನ ಎರಡನೇ ಸಲ ಮುಳುಗಿಸಿಬಿಟ್ರಾ?”

ಅವನ ಕಣ್ಣು ತುಂಬಿತು. “ಹೌದು. ತಪ್ಪಾಯ್ತು. ಪುಸ್ತಕದ ಎರಡನೇ ಮುದ್ರಣ ಆಗ್ತಿದೆ. ಮೊದಲನೇ ಕಥೆ ಅವರದೇ. ಆಮೇಲೆ ನೀವು ಬರಬೇಡಿ ಅಂದ್ರೆ ನಾನು ಬರಲ್ಲ.”

ಕಾಟೆಲ್ ಕಡಲನ್ನೇ ನೋಡುತ್ತ ನಿಂತಳು. ಮನಸ್ಸಿನಲ್ಲಿ ಇವನಿಗೆ ಜಾಗ ಕೊಟ್ಟರೆ ಗೊನೆರಿಯನ್ನು ಹೊರಗಟ್ಟಿದಂತೆ ಎಂದು ಇಷ್ಟು ದಿನ ಹೆದರಿದ್ದಳು. ಈಗ ಇವನೇ ಗೊನೆರಿಗೆ ಜಾಗ ಮಾಡುತ್ತಿದ್ದಾನೆ...

“ನನ್ನ ಹೆಸರು ಹೇಗೆ ಹಾಕ್ತೀರಿ?”

“ಗೊನೆರಿಯ ಹೆಂಡತಿ ಕಾಟೆಲ್ ಹೇಳಿದ್ದು, ಅಂತ.”

“ಹಾಗೇ ಹಾಕಿ.” ಅವಳು ತಡೆದು ತಡೆದು ಹೇಳಿದಳು. “ಮೂರನೇ ಮುದ್ರಣದ ಹೊತ್ತಿಗೆ... ಬೇಕಾದ್ರೆ ಅವರ ಹೆಸರಿನ ಪಕ್ಕ ಇನ್ನೊಂದು ಹೆಸರು ಸೇರಿಸೋಣ.”

ಎರ್ವೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಒಂದು ಹೆಜ್ಜೆ ಹತ್ತಿರ ಬಂದ.

“ಅಲ್ಲೀವರೆಗೂ ಕಾಯಬೇಕಾ, ಕಾಟೆಲ್?”

“ಅಷ್ಟೆಲ್ಲ ಕಾಯಬೇಡ,” ಎಂದಳು. ಮೇಷ್ಟ್ರೇ ಎನ್ನುತ್ತಿದ್ದ ಬಾಯಲ್ಲಿ ಮೊದಲ ಸಲ ಏಕವಚನ ಬಂದಿತ್ತು. “ಮೊದಲು ಅವರ ಕಥೆ ಬರಿ. ನಾನು ಪಕ್ಕದಲ್ಲೇ ಕೂತಿರ್ತೀನಿ.”