ಕಮಲಾಪುರಕ್ಕೆ ಹೋಗುವ ಪ್ರಿಂಟ್

ಬಾಳೆಹಣ್ಣಿನ ಮೇಲೆ ತನ್ನದೇ ಮುಖ ಅಂಟಿಕೊಂಡಿದ್ದನ್ನು ಮಲ್ಲಿಕಾ ನೋಡಿದ್ದು ಬೆಳಗಿನ ಚಹಾದ ಹೊತ್ತಿಗೆ.

ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಅವಳು ಕೆಲಸ ಮಾಡುವ ಆಫೀಸು ಬಾಳೆ ಬೆಳೆಗಾರರ ಕಂಪನಿಯದು. ಹಿರಿಯ ಗುಮಾಸ್ತ ಮಾಣಿಕಪ್ಪ ಮಾರ್ಕೆಟ್ಟಿನಿಂದ ಕೆಂಪು ಬಾಳೆಯ ಚಿಪ್ಪೊಂದನ್ನು ತಂದು ಅವಳ ಟೇಬಲ್ ಮೇಲಿಟ್ಟರು.

"ಹೊಸ ಮಾರ್ಕಾ ಬಂದಾದ ನೋಡ್ರಿ ಬಾಯಾರ. ಮಂದಿ ಕೇಳಾಕತ್ತಾರ, ಈಕಿ ಯಾವ ಸಿನೆಮಾದಾಕಿ ಅಂತ."

ಒಂದೊಂದು ಹಣ್ಣಿಗೂ ಒಂದೊಂದು ಸ್ಟಿಕ್ಕರ್. ಸ್ಟುಡಿಯೊದವನು ಮೊದಲೇ ಬೆಳ್ಳಗೆ ಮಾಡಿದ್ದ ಮುಖ, ಲೇಬಲ್ ಪ್ರಿಂಟರಿನ ಕಪ್ಪು-ಬಿಳುಪಿನಲ್ಲಿ ಇನ್ನೂ ಬೆಳ್ಳಗಾಗಿ ಮೂಗೇ ಮಾಯವಾಗಿತ್ತು. ಉಳಿದದ್ದು ಎರಡು ಕಣ್ಣು, ಒಂದು ಬೊಟ್ಟು, ನಗು ಎಂದು ಹೇಳಿಸಿಕೊಂಡು ನಕ್ಕ ಬಾಯಿ. ಒಂದು ಸ್ಟಿಕ್ಕರಿನ ಗಲ್ಲದ ಮೇಲೆ ಯಾರದೋ ಹೆಬ್ಬೆರಳಿನ ಕೊಳೆ ಒತ್ತಿತ್ತು. ಅವಳು ಚಿಪ್ಪನ್ನು ಮಗುಚಿ ಇಟ್ಟಳು.

ಆ ಫೋಟೊ ಅವಳಿಗೆ ತೆಗೆಸಿಕೊಂಡ ದಿನವೇ ಹೇಸಿಗೆ ಹುಟ್ಟಿಸಿತ್ತು. ಭಾನುವಾರ ಶಹಾಬಜಾರದಿಂದ ಹುಡುಗನ ಕಡೆಯವರು ಬರುವವರಿದ್ದರು. ಅದಕ್ಕೆ ಮೊದಲು ದೊಡ್ಡದೊಂದು ಫೋಟೊ ಬೇಕಂತೆ, ಚಷ್ಮಾ ಇರಬಾರದಂತೆ. ತಾಯಿ ಲಲಿತಾಬಾಯಿ ಇವಳ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಸ್ವಲ್ಪ ಪೌಡರ್ ಜಾಸ್ತಿ ಹಚ್ಗೋ," ಎಂದಿದ್ದಳು. ನಿನ್ನೆ ಸಂಜೆ ಎಲ್ಲರೂ ಹೋದ ಮೇಲೆ ಆಫೀಸಿನ ಕಂಪ್ಯೂಟರಿನಲ್ಲಿ ಪ್ರಿಂಟ್ ಒತ್ತಿದ್ದಳು. ಪಕ್ಕದ ಪ್ರಿಂಟರ್ ಅಲುಗಲಿಲ್ಲ. ಮತ್ತೆ ಒತ್ತಿದಳು. ಬಾರದಿದ್ದರೆ ಒಳ್ಳೆಯದೇ ಆಯಿತೆಂದು ಮನೆಗೆ ನಡೆದಿದ್ದಳು.

ಅದು ಬಂದಿತ್ತು. ಬಂದದ್ದು ಕಮಲಾಪುರದಲ್ಲಿ.

ಕಂಪನಿಯ ಕಂಪ್ಯೂಟರುಗಳೆಲ್ಲ ನಡೆಯುವುದು ವಿಂಡೋಸ್ ಮೇಲಲ್ಲ, ಲಿನಕ್ಸ್ ಮೇಲೆ. ಅವಳ ಕಂಪ್ಯೂಟರಿಗೆ ಎರಡು ಪ್ರಿಂಟರ್: ಒಂದು ಪಕ್ಕದಲ್ಲಿರುವ ಲೇಸರ್, ಇನ್ನೊಂದು ಕಮಲಾಪುರದಲ್ಲಿ ಹಣ್ಣು ತೊಳೆದು ತುಂಬುವ ಪ್ಯಾಕ್‌ಹೌಸಿನಲ್ಲಿರುವ ಲೇಬಲ್ ಯಂತ್ರ. ದಿನಾ ಬೆಳಿಗ್ಗೆ ಹಣ್ಣಿನ ಲೇಬಲ್ಲುಗಳನ್ನು ಅವಳು ಇಲ್ಲಿಂದ ಕಳಿಸುತ್ತಿದ್ದಳು. ಅದನ್ನೆಲ್ಲ ಫೋನಿನಲ್ಲೇ ಜೋಡಿಸಿಕೊಟ್ಟವನು ಪ್ಯಾಕ್‌ಹೌಸಿನ ನೀಲಕಂಠ. ಡಿಫಾಲ್ಟ್ ಆಗಿ ಲೇಬಲ್ ಯಂತ್ರವನ್ನೇ ಇಟ್ಟಿದ್ದ. ಒಮ್ಮೆ ಒತ್ತಿದರೆ ದಿನದ ಕ್ರೇಟುಗಳಿಗೆಲ್ಲ ಆಗುವಷ್ಟು ಪ್ರತಿ ಬರುವಂತೆಯೂ ಮಾಡಿದ್ದ. ಬೇರೆ ಏನಾದರೂ ಪ್ರಿಂಟ್ ಮಾಡುವಾಗ ಲೇಸರನ್ನು ಆರಿಸಲು ಮರೆತರೆ, ಅದು ಅವನ ಕಡೆ ಹೋಗಿ ಬೀಳುತ್ತಿತ್ತು. ಆಗ ಅವಳ ಫೋನ್ ರಿಂಗಾಗುತ್ತಿತ್ತು.

"ಮೇಡಂ, ನಿಮ್ಮ ಮೀಟಿಂಗ್ ನೋಟೀಸು ನಮ್ಮ ಹಣ್ಣಿಗಿ ಬಂದಾದ್ರಿ."

"ಹಣ್ಣಿಗೂ ಹೇಳ್ರಿ, ಮೀಟಿಂಗಿಗಿ ಟೈಮಿಗಿ ಸರಿಯಾಗಿ ಬರ್ಲಿ ಅಂತ."

ಆಮೇಲೆ ಇಬ್ಬರೂ ಸುಮ್ಮನಾಗುತ್ತಿದ್ದರು. ಫೋನ್ ಇಡುತ್ತಿರಲಿಲ್ಲ. ಅವನ ಹಿಂದೆ ಕ್ರೇಟ್ ಎಳೆಯುವ ಸದ್ದು, ಇವಳ ಹಿಂದೆ ಫ್ಯಾನಿನ ಸದ್ದು. ಆ ಮೌನಕ್ಕಾಗಿಯೇ ತಾನು ದಿನವಿಡೀ ಕಾಯುತ್ತೇನೆಂಬುದು ಅವಳಿಗೆ ಗೊತ್ತಾಗಿ ಬಹಳ ಕಾಲವಾಗಿತ್ತು. ಅವನನ್ನು ನೋಡಿದ್ದು ಮಾತ್ರ ಒಂದೇ ಸಲ, ಕಂಪನಿಯ ವಾರ್ಷಿಕ ಸಭೆಯಲ್ಲಿ. ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಇವಳು ತಿರುಗಿದಾಗಲೆಲ್ಲ ಚಾವಣಿಯನ್ನು ನೋಡುತ್ತಿದ್ದ.

ಅವನೂ ಹಾಗೆಯೇ ಏನು? ಹೆಣ್ಣಿನ ಫೋಟೊ ಕೈಗೆ ಸಿಕ್ಕರೆ ಹಣ್ಣಿಗೆ ಅಂಟಿಸಿ ಮಾರ್ಕೆಟ್ಟಿಗೆ ಕಳಿಸುವವರ ಪೈಕಿಯೇ? ಇದೊಂದು ತಿಳಿದರೆ ಸಾಕು, ಭಾನುವಾರ ಶಹಾಬಜಾರದವರ ಮುಂದೆ ಚಹಾದ ಟ್ರೇ ಹಿಡಿದು ನಿಲ್ಲಬಹುದು. ಎಲ್ಲರೂ ಒಂದೇ ಎಂದಾದ ಮೇಲೆ ಯಾರಾದರೇನು.

ಅರ್ಧ ದಿನದ ರಜೆ ಹಾಕಿ ಬಸ್ ಹತ್ತಿದಳು.

ಬಸ್ಸಿನ ಕಿಟಕಿಯ ತುಂಬ ಯಾರೋ ಉಗುಳಿದ ಗುಟ್ಕಾದ ಕೆಂಪು ಧಾರೆ. ಹಿಡಿದುಕೊಂಡ ಕಂಬಿಯೂ ಜಿಗುಟು. ಪಕ್ಕದವನ ಮೊಣಕೈ ಬೇಕಂತಲೇ ತಾಗುತ್ತಿತ್ತು. "ಸರ್ಕೊಂಡು ಕೂಡ್ರಿ," ಎಂದು ಅವಳು ಸಿಡುಕಿದಾಗ ಅವನು ಹಲ್ಲು ಬಿಟ್ಟ. ಕಮಲಾಪುರ ಬರುವವರೆಗೂ ಅವಳು ಉಗುಳು ನುಂಗಲಿಲ್ಲ.

ಪ್ಯಾಕ್‌ಹೌಸಿನ ಬಾಗಿಲಲ್ಲಿ ಕೊಳೆತ ಬಾಳೆಯ ವಾಸನೆ ಮುಖಕ್ಕೆ ಬಡಿಯಿತು. ಮೂಲೆಯಲ್ಲಿ ಕಪ್ಪಗೆ ಕರಗಿದ ಹಣ್ಣಿನ ರಾಶಿ, ಅದರ ಮೇಲೆ ನೊಣಗಳ ಗುಂಪು. ಹಣ್ಣು ತೊಳೆಯುತ್ತಿದ್ದ ಹೆಂಗಸರಲ್ಲೊಬ್ಬಳು ಇವಳನ್ನು ಕಂಡು ಕೈಯಲ್ಲಿದ್ದ ಹಣ್ಣು ಬಿಟ್ಟಳು.

"ಅಯ್ಯ ಪುತಳಾಬಾಯಿ, ಇಲ್ಲಿ ನೋಡ! ಹಣ್ಣಿನ ಮ್ಯಾಲಿನ ಹುಡುಗಿ ಬಂದಾಳ!"

ಎಲ್ಲರೂ ನಕ್ಕರು. ವಯಸ್ಸಾದ ಪುತಳಾಬಾಯಿ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಎದ್ದು ಬಂದಳು.

"ಖರೇ ನೀನೇ ಏನ ತಂಗಿ? ಫೋಟೊದಾಗ ಮೂಗು ಇರಲಿಲ್ಲಲ."

"ಯಾರ ಹಚ್ಚಂದ್ರು ಅದನ್ನ?" ಮಲ್ಲಿಕಾ ಕೇಳಿದಳು.

"ಯಾರ ಅನ್ಬೇಕು? ರೋಲಿನ್ಯಾಗಿಂದ ಏನ್ ಬರ್ತಾದ ಅದನ್ನ ಹಣ್ಣಿಗಿ ಹಚ್ಚೋದು ನಮ್ಮ ಕೆಲಸ. ಲಕ್ಷ್ಮಿ ಕಂಡಂಗ ಕಂಡಿ, ಮಾರ್ಕಾ ಬದಲಿ ಮಾಡ್ಯಾರಂತ ತಿಳ್ದೇವಿ. ನಸುಕಿನ್ಯಾಗ ಒಂದು ಗಾಡಿ ಹೋಗಿಬಿಟ್ತು. ಆಮ್ಯಾಲ ನೀಲಕಂಠ ಬಂದ ನೋಡು, ತಲಿ ತಲಿ ಬಡ್ಕೊಂಡು ಉಳಿದಿದ್ದೆಲ್ಲ ಇಳಿಸ್ದ. ಆಗಿಂದ ಕಿತ್ತಾಕತ್ಯಾನ, ನಾಷ್ಟಾ ಸೈತ ಮಾಡಿಲ್ಲ."

ಒಳಕೋಣೆಯಲ್ಲಿ ಕ್ರೇಟುಗಳ ನಡುವೆ ಅವನು ನೆಲದ ಮೇಲೆ ಕುಳಿತಿದ್ದ. ಉಗುರಿನಿಂದ ಒಂದೊಂದೇ ಸ್ಟಿಕ್ಕರನ್ನು ಹಣ್ಣಿನ ಸಿಪ್ಪೆಗೆ ಗಾಯವಾಗದಂತೆ ಎಬ್ಬಿಸಿ ಪಕ್ಕದ ಬಕೆಟ್ ನೀರಿಗೆ ಹಾಕುತ್ತಿದ್ದ. ಬೆರಳುಗಳ ತುಂಬ ಗೋಂದು, ಉಗುರಿನ ಸಂದಿಯಲ್ಲಿ ಕಪ್ಪು. ಬಕೆಟಿನ ಬೂದು ನೀರಿನಲ್ಲಿ ಅವಳ ಮುಖಗಳು ಮುದ್ದೆಯಾಗಿ ತೇಲುತ್ತಿದ್ದವು.

ತಲೆ ಎತ್ತಿದ. ಈ ಸಲ ನೋಡಲು ಚಾವಣಿ ಸಿಗಲಿಲ್ಲ. ಅವಳ ಕಣ್ಣಿಗೇ ಕಣ್ಣು ಸಿಕ್ಕಿತು. ಅವನ ಕಿವಿ ಕೆಂಪಾಯಿತು.

"ಮೇಡಂ..."

"ದಿನಾ ಫೋನ್ ಮಾಡ್ತೀರಿ. ಇವತ್ತ ಯಾಕ ಮಾಡ್ಲಿಲ್ಲ?"

"ಏನಂತ ಮಾಡ್ಲ್ರಿ?"

"ಒಂದಾದ್ರೂ ಕಿಸೇದಾಗ ಇಟ್ಕೊಂಡೀರಿ?"

"ಇಲ್ರಿ." ಬಕೆಟಿನ ಕಡೆ ನೋಡಿದ. "ಅದು ನೀವಲ್ರಿ. ನಿಮ್ಮ ಚಷ್ಮಾನೇ ಇಲ್ಲ ಅದಕ್ಕ. ಮೂಗಂತೂ ಮೊದ್ಲ ಇಲ್ಲ."

ನಗು ಬಂದೇಬಿಡುತ್ತಿತ್ತು. ಅವಳು ಹಲ್ಲು ಕಚ್ಚಿ ತಡೆದಳು. ಒಂದೇ ಸಭೆಯಲ್ಲಿ ಹಿಂದಿನ ಸಾಲಿನಿಂದ ಅವನು ಚಷ್ಮಾ ನೋಡಿದ್ದನೆ?

"ನೀಲಕಂಠ ಅವರ, ಒಂದು ಮಾತು ಖರೇ ಹೇಳ್ರಿ. ಹಿಂದಿನ ತಿಂಗಳ ನಾ ನಿಮಗ ಕೇಳಿದ್ದೆ, ಡಿಫಾಲ್ಟ್ ಪ್ರಿಂಟರ್ ಬದಲಿ ಮಾಡಿಕೊಡ್ರಿ ಅಂತ. ಲಿನಕ್ಸಿನ್ಯಾಗ ಅದು ಆಗಂಗಿಲ್ಲ ಅಂದ್ರಿ. ಆಗಂಗಿಲ್ಲೇನು?"

ಅವನು ಕೈಯಲ್ಲಿದ್ದ ಹಣ್ಣನ್ನು ಕ್ರೇಟಿನಲ್ಲಿಟ್ಟ.

"ಆಗ್ತದ್ರಿ. ಒಂದೇ ಸಾಲಿನ ಕೆಲಸ."

"ಮತ್ತ?"

"ಬದಲಿ ಮಾಡಿದ್ರ ನಿಮ್ಮ ಪ್ರಿಂಟು ಈ ಕಡಿ ತಪ್ಪಿ ಬರೋದು ನಿಂದರ್ತಿತ್ತು. ನಿಮಗ ಫೋನ್ ಮಾಡಾಕ ನನಗ ಬ್ಯಾರೆ ನೆಪ ಇರಲಿಲ್ಲ."

ಮಲ್ಲಿಕಾ ಗೋಡೆಗೆ ಒರಗಿದಳು. ಎಷ್ಟು ಸಲ ಬಯಸಿದ್ದ ಮಾತು ಇದು! ಬಂದದ್ದು ಇಂಥ ಜಾಗದಲ್ಲಿ, ಈ ವಾಸನೆಯಲ್ಲಿ, ಸುಳ್ಳೊಂದರ ಬೆನ್ನಿಗೆ.

"ಛೀ," ಎಂದಳು. "ನಿಮ್ಮ ನೆಪಕ್ಕ ನನ್ನ ಮಾರಿ ಮಾರ್ಕೆಟ್ ಸೇರ್ತು. ಬಾಯಿ ಬಿಟ್ಟು ಹೇಳಾಕ ಆಗ್ಲಿಲ್ಲ, ಮಶೀನ್ ಅಡ್ಡ ಇಟ್ಕೊಂಡ್ರಿ."

"ಹೌದ್ರಿ."

"ಹೌದ್ರಿ ಅನ್ನಬ್ಯಾಡ್ರಿ! ಸಿಟ್ಟರ ಮಾಡ್ಕೊಳ್ರಿ!"

"ಯಾರ ಮ್ಯಾಲ ಮಾಡ್ಕೊಳ್ಲಿ? ತಪ್ಪು ನಂದದ." ಆಮೇಲೆ ಬಹಳ ಮೆಲ್ಲಗೆ ಕೇಳಿದ, "ಆ ಫೋಟೊ ಯಾರಿಗಿ ಕೊಡಾಕ್ರಿ?"

"ಶಹಾಬಜಾರದವರಿಗಿ. ಭಾನುವಾರ ನೋಡಾಕ ಬರ್ತಾರ."

ಫೋನಿನಲ್ಲಿ ಕೇಳುತ್ತಿದ್ದ ಅದೇ ಮೌನ. ಆದರೆ ಈಗ ಅದಕ್ಕೊಂದು ಮುಖವಿತ್ತು. ತುಟಿ ಬಿಗಿಹಿಡಿದು, ಏನನ್ನೋ ನುಂಗಲಾರದೆ ಕುಳಿತ ಮುಖ. ಇಷ್ಟು ದಿನ ತಾನು ಕೇಳಿದ್ದು ಇದನ್ನೇ ಎಂದು ಅವಳಿಗೆ ಹೊಳೆಯಿತು.

"ಏಳ್ರಿ. ಮೊದ್ಲ ಕೈ ತೊಳ್ಕೊಳ್ರಿ, ಹೇಸಿಕಿ. ನನ್ನ ಕಂಪ್ಯೂಟರ್ ಇಲ್ಲಿಂದ ತಗೀರಿ."

ಅವನು ಕೈ ತೊಳೆದು ಬಂದು ತನ್ನ ಕಂಪ್ಯೂಟರಿನಿಂದ ಕಲಬುರಗಿಯಲ್ಲಿದ್ದ ಅವಳ ಕಂಪ್ಯೂಟರಿಗೆ ದಾರಿ ಮಾಡಿದ. ಪಾಸ್‌ವರ್ಡ್ ಕೇಳಿತು. ಅವಳು ಕುರ್ಚಿಯಲ್ಲಿ ಕುಳಿತಳು. ಅವನು ಹೇಳಿಸಿಕೊಳ್ಳದೆ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತ. ಒತ್ತುವುದು ಮುಗಿದ ಮೇಲೂ ತಿರುಗಲಿಲ್ಲ. ಆ ಬೆನ್ನನ್ನು ಅವಳು ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

"ಹೇಳ್ರಿ, ಏನ್ ಒತ್ಲಿ?"

"ಎಲ್‌ಪಿ ಆಪ್ಷನ್ಸ್. ಕೂಡಿಸಿ ಬರೀರಿ. ಸ್ಪೇಸ್. ಮೈನಸ್ ಡಿ. ಸ್ಪೇಸ್. ಆಮ್ಯಾಲ ನಿಮ್ಮ ಲೇಸರಿನ ಹೆಸರು."

"ಇಷ್ಟ ಏನು?"

"ಇಷ್ಟ ರೀ."

ಎಂಟರ್ ಒತ್ತಿದಳು. ಪರದೆಯ ಮೇಲೆ ಲೇಸರಿನ ವಿವರಗಳ ಸಾಲು ಮೂಡಿತು; ಡಿಫಾಲ್ಟ್ ಇನ್ನು ಅದೇ. ಇನ್ನು ಮರೆತರೂ ಏನೂ ಕಮಲಾಪುರಕ್ಕೆ ಬರುವುದಿಲ್ಲ.

"ನಿಮ್ಮ ನೆಪ ಮುಗೀತು," ಎಂದಳು ಏಳುತ್ತ.

"ಮುಗೀತ್ರಿ."

"ಈ ಕಡಿ ತಿರುಗಿ ನಿಂದರ್ರಿ. ಶಹಾಬಜಾರದವರಿಗಿ ಬರಬ್ಯಾಡ್ರಿ ಅಂತ ನಾ ಇವತ್ತ ಅವ್ವಗ ಹೇಳಾಕಿ. ನಿಮ್ಮ ಸಲುವಾಗಿ ಅಂತ ತಿಳ್ಕೋಬ್ಯಾಡ್ರಿ. ಆ ಮೂಗಿಲ್ಲದಾಕಿನ್ನ ಒಪ್ಪೋರ ಮನ್ಯಾಗ ನಾ ಇರಲಾರೆ." ಬಾಗಿಲ ತನಕ ಹೋಗಿ ನಿಂತಳು. "ಸುಳ್ಳು ಹೇಳೋರ ಜೋಡಿನೂ ಇರಲಾರೆ. ಅದಕ್ಕ ನಿಮ್ಮದು ಆಮ್ಯಾಲ ನೋಡೋಣು."

ಹೊರಗೆ ಪುತಳಾಬಾಯಿ ಒಂದು ಚಿಪ್ಪು ಹಣ್ಣು ಕೈಗೆ ತುರುಕಲು ಬಂದಳು. ಮಲ್ಲಿಕಾ ಬೇಡವೆಂದಳು. ವರ್ಷದ ತನಕ ಬಾಳೆಹಣ್ಣು ತಿನ್ನಲಾರೆ ಎಂದಳು.

ಆ ಸಂಜೆ ಲಲಿತಾಬಾಯಿ ಅತ್ತಳು, ಬೈದಳು, ಊಟ ಬಿಟ್ಟಳು. ಮಲ್ಲಿಕಾ ತಿರುಗಿ ಮಾತಾಡಲಿಲ್ಲ. ಮಾತು ಬದಲಿಸಲೂ ಇಲ್ಲ.

ಮರುದಿನ ಬೆಳಿಗ್ಗೆ ಲೇಬಲ್ ಯಂತ್ರವನ್ನು ತಾನೇ ಆರಿಸಿ ಹಣ್ಣಿನ ಲೇಬಲ್ಲುಗಳನ್ನು ಕಳಿಸಿದಳು. ಉಳಿದ ಕಾಗದಗಳು ಪಕ್ಕದ ಲೇಸರಿನಿಂದ ಸದ್ದಿಲ್ಲದೆ ಬಂದವು. ಒಂದೂ ತಪ್ಪಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫೋನ್ ರಿಂಗಾಯಿತು.

"ಹೇಳ್ರಿ," ಎಂದಳು ಬಿಗಿಯಾಗಿ. "ನಂದು ಏನ್ ಬಂತು ಆ ಕಡಿ?"

"ಏನೂ ಬಂದಿಲ್ರಿ." ಅವನ ಉಸಿರು ಕೇಳಿಸಿತು. "ನಿಮ್ಮ ಜೋಡಿ ಮಾತಾಡ್ಬೇಕು ಅನ್ನಿಸ್ತು. ಅದಕ್ಕ ಮಾಡೀನಿ."

ಅವಳು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಮಾಣಿಕಪ್ಪನವರಿಗೆ ತನ್ನ ಮುಖ ಕಾಣದ ಹಾಗೆ ಕುಳಿತಳು.

"ಮಾತಾಡ್ರಿ ಮತ್ತ," ಎಂದಳು.