ಯಾರದ್ದೂ ಅಲ್ಲದ ನೂರು ಎಂಬಿ

ಮುಳ್ಳು ಎಪ್ಪತ್ತರ ಮೇಲೆ ನಡುಗುತ್ತಿತ್ತು!

ನನ್ನ ಸ್ಕೂಟರ್ ಎಪ್ಪತ್ತು ತೋರಿಸಿದರೆ ಐವತ್ತು ಅಂತ ತಿಳಿಯಬೇಕು. ಆದರೂ ನಡುಗುತ್ತಿತ್ತು.

ಜಾವಗಲ್ ಬಿಟ್ಟು ಹಳೇಬೀಡಿನ ರಸ್ತೆ. ಕಣ್ಣಿಗೆ ಕಾಣುವಷ್ಟು ಮುಂದೆ ಒಂದು ಗೂಡ್ಸ್ ಆಟೋ. ಅದರಲ್ಲಿ ಕೊಬ್ಬರಿ ಚೀಲಗಳ ನಡುವೆ, ಬೆಡ್‌ಶೀಟ್ ಹೊದ್ದು ಕೂತಿತ್ತು ಒಂದು ಕಂಪ್ಯೂಟರ್. ಅದರ ಹಾರ್ಡ್ ಡಿಸ್ಕಿನೊಳಗೆ ಸಿಂಧುವಿನ ಎರಡು ವರ್ಷ.

ಸಿಂಧು ನನ್ನ ಬೆನ್ನಿಗೇ ಅಂಟಿಕೊಂಡಿದ್ದಳು.

"ಅಕ್ಕಾ, ಎರಡು ಗಂಟೆಗೆ ಯೂನಿವರ್ಸಿಟಿ ಪೋರ್ಟಲ್ ಕ್ಲೋಸ್."

"ಬ್ಯಾಕಪ್ ಎಲ್ಲಿದೆ?"

"ಇದೆಯಕ್ಕಾ. ಅದೇ ಕಂಪ್ಯೂಟರಲ್ಲಿ... ಬೇರೆ ಫೋಲ್ಡರಲ್ಲಿ."

ಬೈಯಬೇಕೆನಿಸಿತು, ಆದರೆ ಗಾಡಿ ಓಡಿಸುವಾಗ ಬಾಯಿ ಬಿಟ್ಟರೆ ಹುಳ ನುಗ್ಗುತ್ತದೆ.

ನಾನು ಮಾಲಿನಿ. ಅರಸೀಕೆರೆಯಲ್ಲಿ ಕಂಪ್ಯೂಟರ್ ರಿಪೇರಿ. ಗೋಡೆಗೆ ತೂಗುಹಾಕಲು ಸರ್ಟಿಫಿಕೇಟ್ ಇಲ್ಲ. ಬಿಚ್ಚಿ ಬಿಚ್ಚಿ ಕಲಿತವಳು. ಸತ್ತೇಹೋಯಿತು ಅಂದ ಡಿಸ್ಕುಗಳ ಬಾಯಿ ಬಿಡಿಸಿದ್ದೇನೆ. ಆದರೆ ಈ ಕೇಸಿನಲ್ಲಿ ತಪ್ಪಿತಸ್ಥರ ಪಟ್ಟಿ ಮಾಡಿದರೆ ಮೊದಲ ಹೆಸರು ನನ್ನದೇ. ಹೇಗೆ ಅಂತೀರಾ? ಕೇಳಿ.

ಸಿಂಧುವಿನ ತಂದೆ ಗಂಗಾಧರಪ್ಪ, ಜಾವಗಲ್ಲಿನ ಕೊಬ್ಬರಿ ವ್ಯಾಪಾರಿ. ಮನೆಗೆ ಒಂದೇ ಕಂಪ್ಯೂಟರ್. ಮಗ ಶಶಿಕಿರಣನಿಗೆ ಅಂಗಡಿ ಕೆಲಸಕ್ಕೆ ವಿಂಡೋಸ್ ಬೇಕು. ಮಗಳು ಸಿಂಧುವಿಗೆ ಎಂಎಸ್ಸಿ ಪ್ರಾಜೆಕ್ಟಿಗೆ ಲಿನಕ್ಸ್ ಬೇಕು. ತೆಂಗಿನ ಗರಿಯ ಫೋಟೋ ನೋಡಿ ಮರಕ್ಕೆ ಕಪ್ಪುತಲೆ ಹುಳ ಬಿದ್ದಿದೆಯೋ ಇಲ್ಲವೋ ಹೇಳುವ ಪ್ರೋಗ್ರಾಂ ಅವಳದ್ದು. ಎರಡು ವರ್ಷದ ಹಿಂದೆ ನನ್ನನ್ನು ಕರೆಸಿದರು. ಒಂದೇ ಡಿಸ್ಕು, ಎರಡು ಭಾಗ ಮಾಡಿಕೊಡಿ ಅಂದರು.

ಹತ್ತು ನಿಮಿಷದ ಕೆಲಸ. ಮೂರು ಗಂಟೆ ಹಿಡಿಯಿತು!

ಯಾಕೆಂದರೆ ಪಾಲು ಅಂದಮೇಲೆ ಗಂಗಾಧರಪ್ಪನವರು ಒಗೆದ ಪಂಚೆ ಉಟ್ಟು ಬಂದು ಕೂತರು. ಪಕ್ಕದ ಮನೆಯ ಹನುಮಯ್ಯನನ್ನು ಸಾಕ್ಷಿಗೆ ಕರೆಸಿದರು. ಎಲೆ ಅಡಿಕೆ ತಟ್ಟೆ ಕೀಬೋರ್ಡ್ ಪಕ್ಕಕ್ಕೇ ಬಂತು. ಹಿರಿಯವನು ಗೆರೆ ಎಳೆಯಬೇಕು, ಕಿರಿಯವಳು ಮೊದಲು ಆರಿಸಿಕೊಳ್ಳಬೇಕು, ಅದು ಅವರ ಮನೆಯ ಪದ್ಧತಿ. ಶಶಿಕಿರಣ ಮೌಸ್ ಹಿಡಿದು ಗೆರೆ ಎಳೆದ. ಸಿಂಧು ಬಲಗಡೆ ಬೇಕು ಅಂದಳು. ಎಲ್ಲ ಸುಸೂತ್ರ.

ಆಗ ಯಜಮಾನರ ಕಣ್ಣು ಪರದೆಯ ಎಡತುದಿಗೆ ಹೋಯಿತು. ಅಲ್ಲೊಂದು ಸಣ್ಣ ತುಂಡು. ನೂರು ಎಂಬಿ. ಇದು ಯಾರದು ಅಂತ ಕೇಳಿದರು.

ನನಗೆ ಕೊನೆಯ ಬಸ್ಸಿನ ಅವಸರ. ಯಾರದ್ದೂ ಅಲ್ಲ ಬಿಡಿ ಅಂದುಬಿಟ್ಟೆ.

ಅದೇ ನನ್ನ ತಪ್ಪು. ಪಾಲಿನಲ್ಲಿ ಯಾರದ್ದೂ ಅಲ್ಲದ ತುಂಡು ಬಿಟ್ಟರೆ ನಾಳೆ ಕೋರ್ಟು ಅಂತ ನಂಬಿದ ಮನುಷ್ಯ ಅವರು. ಎರಡು ವರ್ಷ ಆ ನೂರು ಎಂಬಿ ಅವರ ಎದೆಯಲ್ಲಿ ಮುಳ್ಳಾಗಿ ಆಡಿತು. ಈವತ್ತು ಬೆಳಿಗ್ಗೆ ಶಶಿಕಿರಣ ಯಾವುದೋ ವಿಡಿಯೋ ನೋಡಿಕೊಂಡು ಅದನ್ನು ಅಳಿಸಿದ. ಐವತ್ತು ಐವತ್ತು ಹಂಚುವ ಯೋಚನೆ. ಹಂಚುವುದಿರಲಿ, ಮರುಕ್ಷಣ ಕಂಪ್ಯೂಟರ್ ಏಳಲೇ ಇಲ್ಲ. ಸಿಂಧು ನನಗೆ ಫೋನ್ ಮಾಡಿ, ನಾನು ಅರಸೀಕೆರೆಯಿಂದ ಜಾವಗಲ್ ತಲುಪುವಷ್ಟರಲ್ಲಿ ಅಪ್ಪ ಮಗ ಅದನ್ನು ಆಟೋಗೆ ಹಾಕಿಕೊಂಡು ಹೊರಟಿದ್ದರು. ಎಲ್ಲಿಗೆ? ಹಳೇಬೀಡಿನ ಸುನಿಲನ ಅಂಗಡಿಗೆ!

ಸುನಿಲ್ ಒಳ್ಳೆಯವನೇ. ಆದರೆ ಮೌಸ್ ಕೆಟ್ಟಿದೆ ಅಂದರೂ ಫಾರ್ಮ್ಯಾಟ್ ಮಾಡುವವನು.

ಹಾರ್ನ್ ಹೊಡೆದೆ. ಆಟೋ ಓಡಿಸುತ್ತಿದ್ದ ಶಶಿಕಿರಣ ಕೈ ಹೊರಗೆ ಹಾಕಿ, ಮುಂದೆ ಹೋಗಿ ಅಂತ ಮರ್ಯಾದೆಯಿಂದ ದಾರಿ ಬಿಟ್ಟ. ಆಟೋದ ಸದ್ದಿಗೆ ಫೋನೂ ಕೇಳಿಸದು. ನಾನು ವೇಗ ಏರಿಸಿದೆ... ಅಷ್ಟರಲ್ಲಿ ಹೊಲದಿಂದ ಕುರಿಮಂದೆ ಇಳಿಯಿತು. ನೂರೈವತ್ತು ಕುರಿ. ಒಂದಕ್ಕೂ ಅವಸರವಿಲ್ಲ.

ಬಸ್ತಿಹಳ್ಳಿ ರಸ್ತೆಯ ಸುನಿಲನ ಅಂಗಡಿ ಮುಟ್ಟಿದಾಗ ಹನ್ನೆರಡೂ ಮುಕ್ಕಾಲು.

ಒಳಗೆ ನುಗ್ಗಿದೆ. ವಿಂಡೋಸ್ ಪೆನ್‌ಡ್ರೈವ್ ಚುಚ್ಚಿತ್ತು. ಇಡೀ ಡಿಸ್ಕ್ ಅಳಿಸಲೇ ಅಂತ ಪರದೆ ಕೇಳುತ್ತಿತ್ತು. ಸುನಿಲನ ಬೆರಳು ಎಂಟರ್ ಮೇಲೆ.

"ಸುನಿಲ್, ಕೈ ಎತ್ತು."

ಎತ್ತಿದ. ಎರಡೂ ಎತ್ತಿದ.

ಆದರೆ ನನಗೂ ಕಂಪ್ಯೂಟರಿಗೂ ನಡುವೆ ಗಂಗಾಧರಪ್ಪ ಬಂದು ನಿಂತರು. ಕೈಯಲ್ಲಿ ಮಚ್ಚು! ಸುನಿಲನಿಗೆ ಎಳನೀರು ಕೆತ್ತುತ್ತಿದ್ದರಂತೆ.

"ಮಾಲಿನಮ್ಮ, ನೀವು ಮಾಡ್ಕೊಟ್ಟ ಪಾಲಲ್ಲೇ ದೋಸ ಐತೆ. ಇವ್ರು ಹೊಸ್ದಾಗಿ ಮಾಡ್ಕೊಡ್ತಾರೆ. ಪಕ್ಕಕ್ ಬನ್ನಿ."

"ಸಿಂಧು ಪಾಲು ಪೂರ್ತಿ ಹೋಗುತ್ತೆ ಯಜಮಾನ್ರೇ."

"ಅವಳ ಪಾಲ್ನ ನಾನ್ಯಾಕ್ ಮುಟ್ಲಿ? ಯಾರ್ದೂ ಅಲ್ದಿದ್ನ ತೆಗೆಸ್ದೆ, ಅಷ್ಟೇಯ."

ಮಚ್ಚಿನ ಮುಂದೆ ಟೆಕ್ನಿಕಲ್ ಮಾತು ನಡೆಯುವುದಿಲ್ಲ. ತೋಟದ ಮಾತು ತೆಗೆದೆ.

"ನೀವು ಅಣ್ತಮ್ಮಂದ್ರು ತೋಟ ಪಾಲಾದಾಗ ಬಾವಿಗೆ ಹೋಗೋ ದಾರಿ ಯಾರ ಭಾಗಕ್ಕೆ ಬಂತು?"

"ದಾರಿ ಯಾರಿಗ್ ಬತ್ತದೆ? ಅದ್ನ ಇಬ್ರುಗೂ ಅಂತ ಬಿಟ್ಟಿರ್ತ..."

ಅವರು ತಿರುಗಿ ಕಂಪ್ಯೂಟರ್ ನೋಡಿದರು.

"ಬೆಳಿಗ್ಗೆ ನೀವು ಉಳುಮೆ ಮಾಡಿಸಿದ್ದು ಅದನ್ನೇ. ಕಂಪ್ಯೂಟರ್ ಎದ್ದ ತಕ್ಷಣ ಆ ದಾರೀಲೇ ಬಂದು ಇವರಿಬ್ಬರ ಮನೆ ಬಾಗಿಲು ತಟ್ಟೋದು. ಮನೆ ಎರಡೂ ಹಾಗೇ ಇದೆ. ದಾರಿ ಇಲ್ಲ."

ಗಂಗಾಧರಪ್ಪ ಮಗಳ ಕಡೆ ತಿರುಗಿದರು. ಅವಳು ಅಳಲಿಲ್ಲ.

"ಹನ್ನೊಂದು ಸಾವಿರ ಗರಿ ಫೋಟೋ ಅಪ್ಪಾಜಿ. ನೀವೇ ಏಣಿ ಹಿಡ್ಕೊಂಡಿದ್ರಿ."

ಮಚ್ಚು ಮೆಲ್ಲಗೆ ನೆಲಕ್ಕಿಳಿಯಿತು.

ಒಂದು ಗಂಟೆ ಐದು ನಿಮಿಷ. ನನ್ನ ಪೆನ್‌ಡ್ರೈವ್ ಹಾಕಿ ಡಿಸ್ಕ್ ತೆರೆದೆ. ಎಡತುದಿಯ ಜಾಗ ಖಾಲಿ ಬಿದ್ದಿತ್ತು, ಪುಣ್ಯಕ್ಕೆ ಯಾರೂ ಒತ್ತುವರಿ ಮಾಡಿರಲಿಲ್ಲ. ಅಲ್ಲೇ ಹೊಸ ನೂರು ಎಂಬಿ ಕಡಿದೆ. ಸಿಂಧುವಿನ ಬಾಗಿಲಿಗೆ ದಾರಿ ಬರೆದೆ. ಶಶಿಕಿರಣನ ಬಾಗಿಲಿಗೆ ಸುನಿಲನ ಪೆನ್‌ಡ್ರೈವೇ ಬೇಕಾಯಿತು. ಕೊಲ್ಲಲು ಬಂದಿದ್ದೇ ಔಷಧಿಯಾಯಿತು. ಸುನಿಲ್ ಎತ್ತಿದ ಕೈ ಇಳಿಸಲು ಅಪ್ಪಣೆ ಕೇಳಿ, ಇಳಿಸಿ, ತಾನೇ ಆ ಕೆಲಸ ಮಾಡಿದ.

ಒಂದೂವರೆ... ಕರೆಂಟ್ ಹೋಯಿತು!

ಯುಪಿಎಸ್ ಕಿರುಚತೊಡಗಿತು. ಎಷ್ಟು ಹೊತ್ತು ಬರುತ್ತದೆ ಅಂತ ಸುನಿಲನನ್ನು ಕೇಳಿದೆ. ಹತ್ತು ನಿಮಿಷ ಅಂದ. ಅವನ ಮುಖ ನೋಡಿ ನಾಲ್ಕು ಅಂತ ಇಟ್ಟುಕೊಂಡೆ. ಮಷೀನ್ ರೀಸ್ಟಾರ್ಟ್ ಮಾಡಿದೆ.

ಕಪ್ಪು ಪರದೆ.

ಕಪ್ಪು...

ಲಿನಕ್ಸಿಗೊಂದು, ವಿಂಡೋಸಿಗೊಂದು, ಎರಡು ಸಾಲು ಮೂಡಿದವು. ಸಿಂಧು ನನ್ನನ್ನು ತಳ್ಳಿಕೊಂಡೇ ಕೂತು ತನ್ನ ಸಾಲು ಒತ್ತಿದಳು. ಶಶಿಕಿರಣ ಏನೂ ಹೇಳಿಸಿಕೊಳ್ಳದೆ ತನ್ನ ಫೋನು, ಕೇಬಲ್ಲು ಮುಂದೆ ಹಿಡಿದ. ವರದಿ, ಪ್ರೋಗ್ರಾಂ ಎರಡೂ ಫೋನಿಗೆ ಇಳಿಯಿತು. ಯುಪಿಎಸ್ ಉಸಿರು ನಿಲ್ಲಿಸಿತು. ಇಳಿದಾಗಿತ್ತು!

ಅಣ್ಣ ತಂಗಿ ಸಿಗ್ನಲ್ ಹುಡುಕಿ ಆಟೋದ ಕೊಬ್ಬರಿ ಚೀಲಗಳ ಮೇಲೆ ಹತ್ತಿ ನಿಂತರು. ಒಂದು ಐವತ್ತೇಳಕ್ಕೆ ಸಿಂಧು ಕೆಳಗೆ ನೋಡಿ, ಅಪ್‌ಲೋಡ್ ಆಯಿತು ಅಂತ ತಲೆಯಾಡಿಸಿದಳು. ಗಂಗಾಧರಪ್ಪನವರು ಏಣಿ ಹಿಡಿದವರ ಹಾಗೆ ಆಟೋ ಹಿಡಿದುಕೊಂಡೇ ಇದ್ದರು.

ಕರೆಂಟ್ ಬಂತು. ಕಂಪ್ಯೂಟರ್ ತಾನಾಗಿ ಎದ್ದು ಮತ್ತೆ ಆ ಎರಡು ಸಾಲು ತೋರಿಸಿತು. ಯಜಮಾನರು ಕನ್ನಡಕ ಹಾಕಿಕೊಂಡು ಬಗ್ಗಿದರು. ಬಹಳ ಹೊತ್ತು ನೋಡಿದರು.

"ಮಾಲಿನಮ್ಮ... ಇದ್ರಲ್ಲಿ ಮೇಲ್ಗಡೆ ಸಾಲು ಯಾರ್ದು? ಮಗಂದೋ ಮಗಳ್ದೋ?"

ಶಶಿಕಿರಣ ನನ್ನನ್ನು ನೋಡಿದ. ಸಿಂಧುವೂ ನೋಡಿದಳು. ಸುನಿಲ್ ಮತ್ತೆ ಎರಡೂ ಕೈ ಎತ್ತಿದ.

ಗೊತ್ತಿಲ್ಲ ಅಂದು ಸ್ಕೂಟರ್ ಹತ್ತಿದೆ. ಇಷ್ಟು ವರ್ಷದಲ್ಲಿ ಕಂಪ್ಯೂಟರ್ ವಿಷಯಕ್ಕೆ ನಾನು ಗೊತ್ತಿಲ್ಲ ಅಂದಿದ್ದು ಅದೇ ಮೊದಲು... ಜೀವ ಮುಖ್ಯ ನೋಡಿ.